ಐದು ಪಿನ್ನಿನ ಬೀಗ

ಮೊದಲನೆಯ ಬೀಗಕ್ಕೆ ನನ್ನ ಅರ್ಧ ದಿನದ ದುಡಿಮೆ ಹೋಯಿತು. ಅಪ್ಪ ಅದನ್ನು ತೆಗೆಯಲು ಹಿಡಿದದ್ದು ನಾಲ್ಕು ನಿಮಿಷ. ಎರಡನೆಯದಕ್ಕೆ ಒಂದು ದಿನದ ದುಡಿಮೆ ಹೋಯಿತು, ಹನ್ನೊಂದು ನಿಮಿಷ. ಮೂರನೆಯದು ಹೊರದೇಶದ ಮಾಲು, ಡಬ್ಬಿಯ ಮೇಲೆ ಸಿಂಹದ ಚಿತ್ರ ಬೇರೆ. ಮೂರು ದಿನ ದುಡಿದದ್ದನ್ನು ಅದಕ್ಕೇ ಸುರಿದೆ. ಅದನ್ನು ಅಪ್ಪ ಮಧ್ಯಾಹ್ನದ ಊಟಕ್ಕೆ ಮೊದಲೇ ತೆಗೆದು, ಒರೆಸಿ, ಎರಡು ಹನಿ ಎಣ್ಣೆ ಬಿಟ್ಟು, ಗೇಟಿಗೆ ಮತ್ತೆ ಸಿಕ್ಕಿಸಿ, ಮೆಟ್ಟಿಲಿಳಿದು ಹೋಗಿದ್ದ. ಇದೆಲ್ಲ ಅಂಗಡಿಯವರಿಗೆ ಬೀಳುವ ಬೆಲೆಯಲ್ಲಿ ನಾನು ಮಾಡಿದ ಲೆಕ್ಕ. ಬೇರೆಯವರಿಗಾದರೆ ಇನ್ನೂ ಜಾಸ್ತಿ ಬೀಳುತ್ತಿತ್ತು. ಆದರೆ ಬೇರೆಯವರ ಮನೆಯಲ್ಲಿ ಐವತ್ತೆರಡು ವರ್ಷ ಬೀಗ ರಿಪೇರಿ ಮಾಡಿದ ಅಪ್ಪ ಇರುವುದಿಲ್ಲವಲ್ಲ.

ನಮ್ಮದು ಬೀಗ, ಬೀಗದ ಕೈಯ ಅಂಗಡಿ. ಎರಡು ಜನ ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು, ಅಷ್ಟೇ ಜಾಗ. ಅಪ್ಪನನ್ನು ಎಲ್ಲರೂ ಬೀಗದಜ್ಜ ಅನ್ನುತ್ತಾರೆ. ಅಜ್ಜನಾಗುವುದಕ್ಕೆ ಮೊದಲು ಏನನ್ನುತ್ತಿದ್ದರೋ ಯಾರಿಗೂ ನೆನಪಿಲ್ಲ. ನಾನು ಅವನ ಜೊತೆ ಇಪ್ಪತ್ತಾರು ವರ್ಷ ಆ ಮೇಜಿನ ಮುಂದೆ ಕೂತಿದ್ದೇನೆ. ಮದುವೆಯೊಂದು ಬಂತು, ಹೋಯಿತು, ಮೇಜು ಉಳಿಯಿತು. ಈಗ ಅಪ್ಪನಿಗೆ ಎಂಬತ್ತು, ನನಗೆ ಐವತ್ತೊಂದು.

ಅಂಗಡಿಗೇ ಜೊತೆಯಲ್ಲಿ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ಕೇಳಬಹುದು. ಹೋಗುತ್ತಿದ್ದೆ. ಆದರೆ ಒಂದು ದಿನ ಅಪ್ಪ ಹಲ್ಲು ಡಾಕ್ಟರ ಮನೆಯ ನಕಲು ಕೀ ಮಾಡಿ ಪೇಪರ್ ಏಜೆಂಟನ ಕೈಗೆ ಕೊಟ್ಟ. ಪೇಪರಿನವನು ಒಳ್ಳೆಯವನು, ವಾಪಸ್ ತಂದುಕೊಟ್ಟ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಹಾಗೇ ಆಯಿತು. ನಮ್ಮ ಕಸುಬಿನಲ್ಲಿ ಕೈ ತಪ್ಪಿದರೆ ಜನ ನಕ್ಕು ಸುಮ್ಮನಾಗುತ್ತಾರೆ, ಕೀ ತಪ್ಪಿದರೆ ಮತ್ತೆ ಆ ಬೀದಿಗೇ ಬರುವುದಿಲ್ಲ. "ಅಪ್ಪಾ, ನೀನು ಸ್ವಲ್ಪ ದಿನ ಮನೆಯಲ್ಲಿ ರೆಸ್ಟ್ ತಗೋ" ಅಂದೆ. "ಯಾಕೆ, ನನಗೇನಾಗಿದೆ?" ಅಂದ. ಏನಾಗಿದೆ ಎಂದು ಹೇಳುವಷ್ಟು ಧೈರ್ಯ ನನಗಿರಲಿಲ್ಲ. "ಅಂಗಡಿಗೆ ಬಣ್ಣ ಹೊಡೆಸ್ತಿದೀನಿ" ಅಂದೆ. ಆ ಬಣ್ಣ ಇನ್ನೂ ಒಣಗಿಲ್ಲ.

ಮನೆಯಲ್ಲಿ ಕೂತ ಮೇಲೆ ಅಪ್ಪ ಹೊರಗೆ ಹೊರಡಲು ಶುರುಮಾಡಿದ. ಎಲ್ಲಿಗೆ ಅಂದರೆ ಕೆಲಸಕ್ಕೆ. ತಾನು ಹಿಂದೆ ಬೀಗ ಕೂರಿಸಿದ ಮನೆಗಳಿಗೆ. ಊರಿನ ಬೀದಿಗಳು ಅವನಿಗೆ ಮರೆತಿದ್ದವು, ಬಾಗಿಲುಗಳು ಮರೆತಿರಲಿಲ್ಲ. ಮೊದಲ ಸಲ ರಿಟೈರಾದ ಮೇಷ್ಟ್ರೊಬ್ಬರ ಮನೆಗೆ ಹೋಗಿದ್ದ. ಅವರು ಮಾರ್ಕೆಟ್ಟಿನಿಂದ ಬಂದು ನೋಡಿದರೆ ಮುಂಬಾಗಿಲ ಬೀಗ ತುಂಡು ತುಂಡಾಗಿ ಪೇಪರಿನ ಮೇಲೆ ಸಾಲಾಗಿ ಕೂತಿದೆ, ಕುರ್ಚಿಯಲ್ಲಿ ಅಪ್ಪ ನಿದ್ದೆ ಹೊಡೆಯುತ್ತಿದ್ದಾನೆ. ಮೇಷ್ಟ್ರು ನನಗೆ ಫೋನ್ ಮಾಡಿದರು. "ಏನೂ ಕಳೆದಿಲ್ಲಮ್ಮಾ. ಬೀಗ ಸರಾಗವಾಗಿದೆ. ಆದರೆ ನೋಡು, ಬೀಗದವರೇ ಬಾಗಿಲು ತೆಗೆದು ಒಳಗೆ ಬಂದ್ರೆ ಜನ ಏನಂದ್ಕೋತಾರೆ?"

ಎರಡನೆಯ ಸಲ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಆ ಮನೆ ಕೈ ಬದಲಾಗಿತ್ತು. ಹೊಸದಾಗಿ ಬಂದಿದ್ದ ಹೆಂಗಸು ಸ್ನಾನ ಮುಗಿಸಿ ಬಂದಾಗ ನಡುಮನೆಯಲ್ಲಿ ಒಬ್ಬ ಮುದುಕ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದಾನೆ. ಆಕೆ ಕಿರುಚಿದ್ದರಲ್ಲಿ ತಪ್ಪೇನೂ ಇಲ್ಲ. ಪೊಲೀಸ್ ಠಾಣೆಯಲ್ಲಿ ಅಪ್ಪ ಬೆಂಚಿನ ಮೇಲೆ ಕೂತು ಲಾಕಪ್ಪಿನ ಬೀಗವನ್ನೇ ನೋಡುತ್ತಿದ್ದ. "ಇದು ಕೆಲಸಕ್ಕೆ ಬಾರದ್ದು" ಎಂದು ಇನ್ಸ್‌ಪೆಕ್ಟರಿಗೆ ಹೇಳಿದನಂತೆ. ಅವರು ನಕ್ಕು ಬಿಟ್ಟುಕಳಿಸಿದರು, ಆದರೆ ನನ್ನ ಕೈಲಿ ಒಂದು ಕಾಗದಕ್ಕೆ ರುಜು ಹಾಕಿಸಿಕೊಂಡರು.

ಅದರ ಮಾರನೆಯ ದಿನ ತಮ್ಮ ಬಂದ. ನನ್ನ ತಮ್ಮ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಮಾತಾಡುವಾಗಲೂ ಗಡಿಯಾರ ನೋಡಿಕೊಂಡೇ ಮಾತಾಡುತ್ತಾನೆ. ಊರಾಚೆ ಇಂಥ ಮುದುಕರನ್ನು ನೋಡಿಕೊಳ್ಳುವ ಮನೆಯೊಂದಿದೆ, ಅಲ್ಲಿ ವಿಚಾರಿಸಿಕೊಂಡೇ ಬಂದಿದ್ದ.

"ಅಕ್ಕಾ, ಹಟ ಮಾಡಬೇಡ. ಅಲ್ಲಿ ನರ್ಸ್ ಇದಾರೆ, ಕಾಂಪೌಂಡ್ ಇದೆ, ಹೊತ್ತುಹೊತ್ತಿಗೆ ಊಟ ಇದೆ."

"ಇಲ್ಲೂ ಊಟ ಇದೆ."

"ಇಲ್ಲಿ ಪೊಲೀಸ್ ಕೂಡ ಇದಾರೆ. ಇನ್ನೊಂದು ಸಲ ಬೇರೆಯವರ ಬಾಗಿಲು ತೆಗೆದ್ರೆ ಅಪ್ಪನೂ ಹೋದ, ನಿನ್ನ ಅಂಗಡಿನೂ ಹೋಯ್ತು. ಯೋಚನೆ ಮಾಡು."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಚೌಕಾಸಿಗೆ ಇಳಿದೆ. ಅಪ್ಪ ಬೇರೆಯವರ ಇನ್ನೊಂದು ಬಾಗಿಲು ತೆಗೆದ ದಿನ ಅವನನ್ನು ಕರೆದುಕೊಂಡು ಹೋಗು, ನಾನು ಬೇಡ ಅನ್ನುವುದಿಲ್ಲ, ಅಲ್ಲಿಯವರೆಗೆ ಬಿಡು, ಅಂದೆ. ತಮ್ಮ ಗಡಿಯಾರ ನೋಡಿ, "ಆಯ್ತು" ಅಂದ.

ನಮ್ಮ ಮನೆ ಮೂರನೇ ಮಹಡಿಯಲ್ಲಿ. ಮರದ ಬಾಗಿಲ ಮುಂದೆ ಕಬ್ಬಿಣದ ಸರಳಿನ ಗೇಟು. ಸರಳಿನ ನಡುವೆ ಕೈ ತೂರಿಸಿ ಒಳಗಡೆಯಿಂದ ಬೀಗ ಹಾಕಿ ಅಂಗಡಿಗೆ ಹೋಗತೊಡಗಿದೆ. ಹಾಗೆ ಹಾಕಿದ ಮೂರು ಬೀಗಗಳ ಕತೆ ಆಗಲೇ ಹೇಳಿದೆ. ನಿಮಿಷಗಳ ಲೆಕ್ಕ ಇಟ್ಟವರು ಎದುರುಮನೆಯ ದರ್ಜಿಯಮ್ಮ. ಮಂಡಿನೋವಿನ ಹೆಂಗಸು, ಬಾಗಿಲು ತೆರೆದಿಟ್ಟುಕೊಂಡೇ ದಿನವೆಲ್ಲ ಮೆಷಿನ್ ತುಳಿಯುತ್ತಾರೆ. "ನೀನು ಮೆಟ್ಟಿಲಿಳಿದೆ, ನಾನೊಂದು ಕಾಲರ್ ತಿರುಗಿಸಿದೆ, ಅಜ್ಜ ಹೊರಗಿದ್ರು ನೋಡು" ಅಂದರು ಮೊದಲ ದಿನ. ಎರಡು ಸಲ ಅವರೇ ಮೆಟ್ಟಿಲ ಮೇಲೆ ಹಿಡಿದು ಕೂರಿಸಿದರು. ಮೂರನೆಯ ಸಲ ಬೀದಿ ತುದಿಯ ಔಷಧಿ ಅಂಗಡಿಯವನು ಹಿಡಿದ. ಅಪ್ಪ ಅವನ ಶಟರಿನ ಬೀಗಕ್ಕೆ ಕಿವಿಕೊಟ್ಟು ನಿಂತಿದ್ದನಂತೆ.

ಅಪ್ಪನ ಹತ್ತಿರ ಸಾಮಾನೇ ಇರದ ಹಾಗೆ ಮಾಡಿದ್ದೆ. ಆದರೆ ಎರಡು ತಂತಿ ಸಾಕು ಅವನಿಗೆ. ಒಂದು ಛತ್ರಿಯಲ್ಲಿ ಎರಡು ಕಡ್ಡಿ ಕಡಿಮೆಯಾಗಿದ್ದು ಆಮೇಲೆ ಕಣ್ಣಿಗೆ ಬಿತ್ತು.

ತಮ್ಮ ಬಂದು ಮರದ ಬಾಗಿಲಿಗೆ ಹೊರಗಿನಿಂದ ಒಂದು ಅಗುಳಿ ಬಡಿದ. "ಬೀಗವೇ ಬೇಡ. ಈಗ ತೆಗೀಲಿ ನೋಡೋಣ." ಸಂಜೆ ನಾನು ಬಂದಾಗ ಅಗುಳಿ ಹಾಕಿದ ಹಾಗೇ ಇತ್ತು. ಬಾಗಿಲು ಮಾತ್ರ ಇರಲಿಲ್ಲ. ಅಪ್ಪ ಕೀಲುಗಳ ಕಡ್ಡಿ ಹೊಡೆದು ತೆಗೆದು, ಬಾಗಿಲನ್ನು ಅಗುಳಿಯಿಂದ ಜಾರಿಸಿ ಗೋಡೆಗೆ ಒರಗಿಸಿ, ಕಡ್ಡಿಗಳನ್ನು ಕಳೆಯಬಾರದೆಂದು ನೀರು ಕುಡಿಯುವ ಲೋಟದಲ್ಲಿ ಹಾಕಿಟ್ಟಿದ್ದ. ಅಂದು ದರ್ಜಿಯಮ್ಮ ಅವನನ್ನು ತಮ್ಮ ಮನೆಯಲ್ಲಿ ಕೂರಿಸಿಕೊಂಡು ಮೆಷಿನ್ ಬಿಗಿಸಲು ಕೊಟ್ಟಿದ್ದರು.

"ಯಾಕಪ್ಪಾ ಬಾಗಿಲು ಬಿಚ್ಚಿದೆ?"

"ಬೀಗ ಇದ್ರೆ ಬೀಗ ತೆಗೀಬೇಕು" ಅಂದ ಅಪ್ಪ. "ಬೀಗವೇ ಇಲ್ಲದ ಬಾಗಿಲಿಗೆ ಏನು ಮರ್ಯಾದೆ?"

ಅಲ್ಲಿಗೆ ನನಗೆ ಬುದ್ಧಿ ಬಂತು. ಅಪ್ಪ ಮನೆಯಿಂದ ತಪ್ಪಿಸಿಕೊಳ್ಳುತ್ತಿದ್ದಾನೆಂದು ನಾವೆಲ್ಲ ತಿಳಿದಿದ್ದೆವು. ಅವನಿಗೆ ಹೊರಗೆ ಹೋಗಬೇಕಾದದ್ದೇನೂ ಇರಲಿಲ್ಲ. ಬೆಳಗಾದರೆ ಕೈಗೆ ಒಂದು ಬೀಗ ಬೇಕಿತ್ತು. ಗೇಟಿನಲ್ಲಿದ್ದದ್ದು ನಾಲ್ಕು ನಿಮಿಷಕ್ಕೆ ಮುಗಿದರೆ ಮುಂದಿನದನ್ನು ಹುಡುಕಿಕೊಂಡು ಹೊರಡುತ್ತಿದ್ದ. ಹಾಗಾದರೆ ಸಂಜೆಯವರೆಗೆ ಮುಗಿಯದ ಬೀಗ ಕೊಟ್ಟರಾಯಿತು. ಅದು ಯಾವ ಡಬ್ಬಿಯಲ್ಲೂ ಸಿಗುವುದಿಲ್ಲ, ನಾನೇ ಮಾಡಬೇಕು.

ಬೀಗದ ಹೊಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಪಿನ್ನುಗಳಿರುತ್ತವೆ. ಒಂದೊಂದರ ಎತ್ತರ ಒಂದೊಂದು. ಸರಿಯಾದ ಕೀ ಹೋದರೆ ಎಲ್ಲವೂ ಒಂದೇ ಗೆರೆಗೆ ಬಂದು ನಿಲ್ಲುತ್ತವೆ, ಆಗ ತಿರುಗುತ್ತದೆ. ಕೀ ಇಲ್ಲದವರು ಒಂದು ತಂತಿಯಲ್ಲಿ ಒತ್ತಿ ಹಿಡಿದು, ಇನ್ನೊಂದು ತಂತಿಯಿಂದ ಒಂದೊಂದೇ ಪಿನ್ನನ್ನು ಎಬ್ಬಿಸಬೇಕು. ಎಲ್ಲ ಬೆರಳಲ್ಲೇ ಇರುವುದು, ಕಣ್ಣಿಗೆ ಕೆಲಸವಿಲ್ಲ. ಅಪ್ಪ ನನಗೆ ಇದನ್ನು ಕಲಿಸಿದ್ದು ಐದು ಪಿನ್ನಿನ ಒಂದು ಹಿತ್ತಾಳೆ ಬೀಗದಲ್ಲಿ. ಅದೇ ಬೀಗ ಅಂಗಡಿಯ ಹಳೆಯ ಡಬ್ಬದಲ್ಲಿತ್ತು, ತೆಗೆದೆ. ದಿನಾ ರಾತ್ರಿ ಅಪ್ಪ ಮಲಗಿದ ಮೇಲೆ ಅದರ ಪಿನ್ನು ಬದಲಿಸುತ್ತಿದ್ದೆ, ಮಾರನೆಯ ಬೆಳಿಗ್ಗೆ ಗೇಟಿಗೆ ಹಾಕಿ ಹೋಗುತ್ತಿದ್ದೆ. ಅಪ್ಪನಿಗೆ ದಿನಾ ಹೊಸ ಬೀಗ. ಖರ್ಚಿಲ್ಲ.

ಅಪ್ಪ ಗೇಟಿನ ಹಿಂದೆ ಸ್ಟೂಲು ಹಾಕಿಕೊಂಡು ಕೂರತೊಡಗಿದ. ದರ್ಜಿಯಮ್ಮನ ವರದಿಯೂ ಬದಲಾಯಿತು. "ಇವತ್ತು ಎರಡು ಅಂಗಿ ಆಯ್ತು." "ಇವತ್ತು ಒಂದು ಪರದೆ, ಅದೂ ದೊಡ್ಡ ಕಿಟಕಿದು." ಬೀಗ ತೆಗೆಯುವಷ್ಟರಲ್ಲಿ ದಣಿದಿರುತ್ತಿದ್ದ. ಹೊರಗೆ ಹೋಗದೆ ಉಂಡು ಮಲಗುತ್ತಿದ್ದ.

ನನಗೂ ಒಂದು ಥರ ಹುರುಪು ಬಂತು, ಮುಚ್ಚಿಡುವುದೇಕೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗೆಲ್ಲ, ಅಪ್ಪನನ್ನು ಎಲ್ಲಿ ಎಡವಿಸಲಿ ಎಂದು ಯೋಚಿಸುತ್ತಿದ್ದೆ. ಒಂದು ಪಿನ್ನಿನ ನಡುವನ್ನು ಅರದಿಂದ ಉಜ್ಜಿ ಸಣ್ಣ ಮಾಡಿದರೆ, ಅದು ಗೆರೆಗೆ ಬಂದ ಹಾಗೆ ನಟನೆ ಮಾಡಿ ಮಧ್ಯದಲ್ಲೇ ಕಚ್ಚಿಕೊಳ್ಳುತ್ತದೆ. ಹಾಗೆ ಒಂದನ್ನು ಮೂರನೆಯ ಜಾಗದಲ್ಲಿ ಇಟ್ಟೆ. ಅಂದು ಸಂಜೆ ಬಂದಾಗ ಅಪ್ಪ ಇನ್ನೂ ಸ್ಟೂಲಿನ ಮೇಲಿದ್ದ. ತೆಗೆದ ಬೀಗ ತೊಡೆಯ ಮೇಲಿತ್ತು. ಊಟ ಮುಚ್ಚಿಟ್ಟ ಹಾಗೇ ಇತ್ತು.

"ಯಾರು ಮಾಡಿದ್ದು ಇದನ್ನ?"

"ಯಾಕಪ್ಪಾ?"

"ಕಳ್ಳ ನನ್ಮಗ, ಮೂರನೇದ್ರಲ್ಲಿ ಮೋಸ ಇಟ್ಟಿದಾನೆ." ಅವನ ಮುಖ ತುಂಬ ನಗು. "ಒಳ್ಳೇ ಕೆಲಸದೋನು. ಸಿಕ್ಕಿದ್ರೆ ಅಂಗಡಿಗೆ ಕರಕೊಂಡು ಬಾ, ಇಟ್ಕೊಳ್ಳೋಣ."

ಇಪ್ಪತ್ತಾರು ವರ್ಷ ಪಕ್ಕದಲ್ಲಿ ಕೂತಿದ್ದೆ. ನನ್ನ ಕೆಲಸ ಚೆನ್ನಾಗಿದೆ ಎಂದು ಅಪ್ಪ ಹೇಳಿದ್ದು ಅದೊಂದೇ ಸಲ. "ಆಯ್ತಪ್ಪಾ, ಹೇಳ್ತೀನಿ ಅವನಿಗೆ" ಎಂದು ಅನ್ನ ಬಿಸಿ ಮಾಡಲು ಹೋದೆ.

ಹೀಗೆ ಐದು ತಿಂಗಳು ನಡೆಯಿತು. ಆಮೇಲೆ ಒಂದು ಸಂಜೆ ಬಂದಾಗ ಬೀಗ ಗೇಟಿನಲ್ಲೇ ಇತ್ತು. ಮಾರನೆಯ ದಿನವೂ. ತಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವನಿಗೆ ಖುಷಿಯಾಯಿತು, ನನಗೂ ಮೊದಲೆರಡು ದಿನ ಖುಷಿಯಾಯಿತು. ಮೂರನೆಯ ದಿನ ಅಪ್ಪನಿಗೆ ಊಟ ಬಡಿಸುವಾಗ ನೋಡಿದೆ, ಬಲಗೈಯ ಎರಡು ಬೆರಳ ತುದಿ ಸುಲಿದಿತ್ತು. ಗೇಟಿನ ಸರಳಿಗೆ ರಕ್ತ ಒರೆಸಿದ ಗುರುತಿತ್ತು.

"ಬೆಳಿಗ್ಗೆಯಿಂದ ಒಂದೇ ಸಮ ಕೂತಿದ್ರು" ಅಂದರು ದರ್ಜಿಯಮ್ಮ. "ನಾನು ಕರೆದ್ರೆ, ಸುಮ್ನಿರಮ್ಮಾ, ಗಿರಾಕಿ ಕಾಯ್ತಿದಾರೆ ಅಂತಾರೆ. ಮಧ್ಯಾಹ್ನ ಅತ್ತುಬಿಟ್ರು ಕಣೇ. ನಿನಗೆ ಹೇಳೋದೋ ಬೇಡವೋ ಅಂತ..."

ಬೀಗ ಗಟ್ಟಿಯಿದ್ದರೆ ಅಪ್ಪ ಮನೆಯಲ್ಲಿರುತ್ತಾನೆ, ದಿನವೆಲ್ಲ ಸೋಲುತ್ತ ಇರುತ್ತಾನೆ. ಸಡಿಲ ಮಾಡಿದರೆ ಗೆದ್ದು ಹೊರಗೆ ಹೋಗುತ್ತಾನೆ. ಯಾರದಾದರೂ ಬಾಗಿಲು ತೆಗೆದರೆ ತಮ್ಮ ಕಾರು ತಂದು ನಿಲ್ಲಿಸುತ್ತಾನೆ. ನಾನು ಕೊಟ್ಟ ಮಾತು ಹಾಗಿತ್ತು. ಅಂದು ತುಂಬ ಹೊತ್ತೇನೂ ಯೋಚಿಸಲಿಲ್ಲ. ಬೀಗ ಬಿಚ್ಚಿ ಮೂರನೆಯ ಪಿನ್ನು ತೆಗೆದು ಒಂದು ಸಣ್ಣ ಗಾಜಿನ ಬಾಟಲಿಗೆ ಹಾಕಿದೆ. ಮಾರನೆಯ ದಿನ ಅಪ್ಪ ಅದನ್ನು ಒಂದು ಅಂಗಿ ಹೊಲಿಯುವಷ್ಟರಲ್ಲಿ ತೆಗೆದ. ದರ್ಜಿಯಮ್ಮನಿಗೆ ವಿಷಯ ಹೇಳಿದ್ದೆ. ಅವರು, "ಬನ್ನಿ ಯಜಮಾನ್ರೇ, ನನ್ನ ಮೆಷಿನ್ ಸ್ವಲ್ಪ ನೋಡಿ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡರು. ಆ ಮೆಷಿನ್ನಿನಷ್ಟು ರಿಪೇರಿ ಕಂಡ ಮೆಷಿನ್ ಊರಲ್ಲಿ ಇನ್ನೊಂದಿಲ್ಲ.

ನಾಲ್ಕು ಪಿನ್ನು ಎರಡು ತಿಂಗಳು ನಡೆಯಿತು. ಮೂರು ಪಿನ್ನು ಒಂದೂವರೆ ತಿಂಗಳು.

ಮೂರು ಪಿನ್ನಿನ ಕಾಲದಲ್ಲಿ ಒಂದು ದಿನ ದರ್ಜಿಯಮ್ಮ ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದರು. ನಾನು ಅಂಗಡಿಯಲ್ಲಿ ತಲೆ ತಗ್ಗಿಸಿ ಕೀ ಉಜ್ಜುತ್ತಿದ್ದೆ. ಮೇಜಿನ ಮೇಲೆ ನೆರಳು ಬಿತ್ತು. ತಲೆಯೆತ್ತಿದರೆ ಅಪ್ಪ. ಅಂಗಿಯ ಗುಂಡಿಗಳೆಲ್ಲ ಸರಿಯಾಗಿದ್ದವು, ತಲೆ ಬಾಚಿತ್ತು, ಚಪ್ಪಲಿ ಮಾತ್ರ ನನ್ನದು. ದಾರಿಯಲ್ಲಿ ಎಷ್ಟು ಬಾಗಿಲು ತೆಗೆದಿದ್ದಾನೋ ಎಂದು ಮೊದಲು ಅವನ ಕೈ ನೋಡಿದೆ. ಬರಿಗೈ.

"ಏನಮ್ಮಾ," ಅಂದ, "ಇಲ್ಲಿ ಬೀಗದಜ್ಜ ಅಂತ ಒಬ್ಬರು ಇದ್ರಲ್ಲ?"

ಹುಟ್ಟಿದಾಗಿನಿಂದ ನನ್ನನ್ನು ಪುಟ್ಟಿ ಎಂದೇ ಕರೆದವನು.

"ಇದಾರೆ. ಏನಾಗಬೇಕಿತ್ತು?"

"ನಮ್ಮನೆ ಬೀಗ ಯಾಕೋ ಮೊದಲಿನ ಹಾಗಿಲ್ಲ. ನೀವು ಮಾಡೋ ಕೆಲಸ ಅಲ್ಲ ಬಿಡಿ. ಅವರು ಬಂದ್ರೆ ಸ್ವಲ್ಪ ಕಳಿಸಿಕೊಡಿ."

"ಕಳಿಸ್ತೀನಿ. ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದೀರಿ."

ಕೂತ. ನೀರು ಕೊಟ್ಟೆ, ಕುಡಿದ. ಮೇಜಿನ ಮೇಲಿದ್ದ ಅರ, ಇಕ್ಕಳ ನೋಡಿದ, ಮುಟ್ಟಲಿಲ್ಲ. ಇನ್ನೊಬ್ಬರ ಸಾಮಾನು ಮುಟ್ಟಬಾರದು ಎನ್ನುವುದು ಅವನ ನಿಯಮ. ನಾನು ಶಟರ್ ಎಳೆದು, "ನಾನೂ ಆ ಕಡೆಗೇ ಹೋಗ್ತಿದೀನಿ" ಎಂದು ಅವನನ್ನು ಮನೆಗೆ ಕರೆತಂದೆ. ದಾರಿಯುದ್ದಕ್ಕೂ ಬೀಗದಜ್ಜನ ಕೈಚಳಕವನ್ನು ನನಗೆ ವರ್ಣಿಸಿದ. ಅದರಲ್ಲಿ ಅರ್ಧ ನಿಜ, ಇನ್ನರ್ಧ ಕೇಳಲು ಚೆನ್ನಾಗಿತ್ತು.

ತಮ್ಮನಿಗೆ ಹೇಳಲಿಲ್ಲ. ಬೇರೆಯವರ ಬಾಗಿಲೇನೂ ತೆಗೆದಿರಲಿಲ್ಲವಲ್ಲ, ಮಾತಿಗೆ ತಪ್ಪಿದ ಹಾಗಾಗಲಿಲ್ಲ.

ಎರಡು ಪಿನ್ನು ಇಪ್ಪತ್ತು ದಿನ. ಒಂದು ಪಿನ್ನಿನ ಬೀಗವನ್ನು ಯಾರು ಬೇಕಾದರೂ ತಲೆಪಿನ್ನಿನಲ್ಲಿ ತೆಗೆಯಬಹುದು. ಅಪ್ಪ ಎಂಟು ದಿನ ತೆಗೆದ, ಒಂಬತ್ತನೆಯ ದಿನ ಆಗಲಿಲ್ಲ. ಆ ಒಂದನ್ನೂ ಬಾಟಲಿಗೆ ಹಾಕಿದೆ. ಬೀಗದ ಒಳಗೆ ಏನೂ ಉಳಿಯಲಿಲ್ಲ. ಉಗುರು ಸಿಕ್ಕಿಸಿ ತಿರುಗಿಸಿದರೆ ತೆರೆಯುತ್ತಿತ್ತು. ಅದನ್ನು ಗೇಟಿಗೆ ಹಾಕಿ ಹೋಗುವುದಕ್ಕೆ ನನಗೇ ನಾಚಿಕೆ. ಹಾಗೆ ಮೊದಲ ಸಲ ಹಾಕಿ ಹೋದ ದಿನ ದರ್ಜಿಯಮ್ಮ ಮೂರು ಅಂಗಿ ಹೊಲಿದರು. ಸಂಜೆ ಬಂದಾಗ ಬೀಗ ಗೇಟಿನಲ್ಲೇ ಇತ್ತು.

ಅದಾದ ಮೇಲಿನ ರಜದ ದಿನ ತಮ್ಮ ಹಣ್ಣು ಹಿಡಿದುಕೊಂಡು ಬಂದ. ಅಪ್ಪ ಗೇಟಿನ ಹಿಂದೆ ಸ್ಟೂಲಿನ ಮೇಲಿದ್ದ. ಕೈಯಲ್ಲಿ ಛತ್ರಿ ಕಡ್ಡಿ. ಅದನ್ನು ಬೀಗದ ಹತ್ತಿರ ಒಯ್ದು, ಬಾಯಿಗೆ ತಾಗಿಸದೆ ಪಕ್ಕಕ್ಕೆ ತಾಗಿಸಿ, ಕೆಳಗಿಳಿಸಿ, ಆಮೇಲೆ ಕಡ್ಡಿಯನ್ನೇ ನೋಡುತ್ತಿದ್ದ. ಅದು ಯಾರದು, ಇಲ್ಲಿಗೆ ಯಾಕೆ ಬಂತು ಎನ್ನುವ ಹಾಗೆ. ತಮ್ಮ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೋಡಿದ.

"ನಲವತ್ತು ನಿಮಿಷ ಆಯ್ತಕ್ಕಾ. ಭಲೇ! ಕೊನೆಗೂ ಅಪ್ಪನಿಗೆ ಮೀರಿದ ಬೀಗ ಸಿಕ್ತು ನೋಡು ನಿನಗೆ. ಯಾವ ಕಂಪನಿದು?"

ನಾನು ಎದ್ದು ಹೋಗಿ ಕೀ ಇಲ್ಲದೆ ಬೀಗ ತೆಗೆದು, ಮತ್ತೆ ಒತ್ತಿ ಮುಚ್ಚಿ ತಮ್ಮನ ಕೈಗೆ ಕೊಟ್ಟೆ. ಅವನು ಹೆಬ್ಬೆರಳ ಉಗುರಿನಿಂದ ತಿರುಗಿಸಿದ, ತೆರೆಯಿತು. ಮುಚ್ಚಿದ. ಮತ್ತೆ ತಿರುಗಿಸಿದ, ತೆರೆಯಿತು. ಅವನು ದಡ್ಡನಲ್ಲ.

"ಎಷ್ಟು ದಿನದಿಂದ?"

"ಇದು ಆರನೇ ದಿನ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಗಡಿಯಾರ ನೋಡ್ತಿದ್ದೆ."

ತಮ್ಮ ಬೀಗವನ್ನು ಮೇಜಿನ ಮೇಲಿಟ್ಟು ಹೋಗಿ ಅಪ್ಪನ ಪಕ್ಕ ನೆಲದ ಮೇಲೆ ಕೂತ. ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೊಟ್ಟ. ಅಪ್ಪ ಒಂದೊಂದಕ್ಕೂ "ಬೇಡಿ, ಬೇಡಿ, ನಿಮಗೆ ಇರ್ಲಿ" ಎನ್ನುತ್ತ ತಿಂದ. ಗೇಟು ಅರ್ಧ ತೆರೆದುಕೊಂಡಿತ್ತು. ಅಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹೊರಡುವಾಗ ತಮ್ಮ ಮೆಟ್ಟಿಲ ಮೇಲೆ ನಿಂತು, "ಆ ಮನೆ ವಿಷಯ ಇನ್ನು ಬೇಡ ಬಿಡಕ್ಕಾ. ತಿಂಗಳಿಗೆ ಒಂದು ವಾರ ನಾನೂ ಬಂದಿರ್ತೀನಿ" ಅಂದ. ಬರುತ್ತಾನೆ ಕೂಡ, ಹೇಳಿದ ಹೊತ್ತಿಗೆ ಸರಿಯಾಗಿ.

ಈಗ ಗೇಟಿಗೆ ಬೀಗ ಹಾಕುವುದಿಲ್ಲ, ಅಗತ್ಯವಿಲ್ಲ. ದರ್ಜಿಯಮ್ಮನ ಮೆಷಿನ್ನು ಆರು ತಿಂಗಳಿಂದ ಯಾರೂ ಬಿಚ್ಚದೆ ಸರಿಯಾಗಿ ಓಡುತ್ತಿದೆ. ಐದು ಪಿನ್ನು ಬಾಟಲಿಯಲ್ಲಿವೆ, ನಡು ಉಜ್ಜಿದ್ದೂ ಸೇರಿ. ಮತ್ತೆ ಜೋಡಿಸಿದರೆ ಹತ್ತು ನಿಮಿಷದ ಕೆಲಸ, ಜೋಡಿಸಿಲ್ಲ.

ಅಪ್ಪ ಮನೆಯಲ್ಲೇ ಉಳಿದ. ನಾನು ಕೇಳಿದ್ದು ಅಷ್ಟೇ, ಅದು ಸಿಕ್ಕಿತು. ಅಂಗಡಿಯೂ ಉಳಿಯಿತು. ಬೀಗ ತೆಗೆಯುವ ಅಪ್ಪ ಮಾತ್ರ ಹೋದ, ನನ್ನ ಕೆಲಸ ಒಳ್ಳೆಯದೆಂದು ಗೊತ್ತಿದ್ದವನು ಅವನೊಬ್ಬನೇ.